ಬಳ್ಳೊಳ್ಳಿ ಎಂಬುದೊಂದು ಮತಕ್ಷೇತ್ರವಿತ್ತು

ಹಳೆಯ ಇಂಡಿ ತಾಲ್ಲೂಕಿನಲ್ಲಿ ವಯಸ್ಸಾದವರನ್ನು ‘ನಿಮ್ಮದು ಯಾವ ಮತಕ್ಷೇತ್ರ?’ ಎಂದು ಕೇಳಿದರೆ ಕೆಲವರ ಉತ್ತರದಲ್ಲಿ ಎರಡು ಹೆಸರು ಬರುತ್ತವೆ. ‘ಈಗ ನಾಗಠಾಣ ರೀ, ಮೊದಲ ಬಳ್ಳೊಳ್ಳಿ ಇತ್ತು.’ ಭೀಮಾ ದಂಡೆಯ ಅಗರಖೇಡದಿಂದ ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ಚಡಚಣದವರೆಗೆ ಹರಡಿದ್ದ ತಾಲ್ಲೂಕು ಅದು. ಜೋಳ, ಕಬ್ಬು, ಲಿಂಬೆಯ ನಾಡು. ವಿಧಾನಸಭೆಯ ಲೆಕ್ಕದಲ್ಲಿ ಅಲ್ಲಿ ದಶಕಗಳ ಕಾಲ ಕೇಳಿಬರುತ್ತಿದ್ದ ಹೆಸರುಗಳು ಎರಡು: ಇಂಡಿ ಮತ್ತು ಬಳ್ಳೊಳ್ಳಿ. ಇಂಡಿ ತಾಲ್ಲೂಕು ಕೇಂದ್ರ, ಅದರ ಹೆಸರು ಇರುವುದು ಸಹಜ. ಬಳ್ಳೊಳ್ಳಿ ಒಂದು ಹೋಬಳಿ ಊರು, ಅಷ್ಟೆ. ಆದರೂ ಚುನಾವಣೆಯ ಫಲಿತಾಂಶದ ರಾತ್ರಿ ಬೆಂಗಳೂರಿನ ಆಕಾಶವಾಣಿ ಆ ಹೆಸರನ್ನು ರಾಜ್ಯಕ್ಕೆಲ್ಲ ಹೇಳುತ್ತಿತ್ತು. ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಈ ಮತಕ್ಷೇತ್ರಕ್ಕೆ ಕೊನೆಯ ಚುನಾವಣೆ ನಡೆದದ್ದು 2004ರಲ್ಲಿ. 2008ರ ಹೊತ್ತಿಗೆ ಅದು ನಕಾಶೆಯಲ್ಲಿ ಇರಲಿಲ್ಲ.

ಊರು ಮುಳುಗಲಿಲ್ಲ, ಜನ ಗುಳೆ ಎದ್ದು ಖಾಲಿಯಾಗಲಿಲ್ಲ. ಕಾಗದದ ಮೇಲೆ ಎಳೆದಿದ್ದ ಗೆರೆಯನ್ನು ಅಳಿಸಿ ಬೇರೆ ಕಡೆ ಎಳೆದರು. ಕೋಟೆ, ಗುಡಿ, ಬಾವಿಗಳ ಚರಿತ್ರೆ ಬರೆಯುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಒಂದು ಮತಕ್ಷೇತ್ರಕ್ಕೂ ಹುಟ್ಟು, ಬಾಳು, ಕೊನೆ ಇರುತ್ತದೆ ಎಂದು ಯಾರೂ ಅದರ ಚರಿತ್ರೆ ಬರೆಯುವುದಿಲ್ಲ. ಬರೆಯಬೇಕು ಎನ್ನುವುದು ನನ್ನ ಅನಿಸಿಕೆ, ಮುಖ್ಯವಾಗಿ ಅದು ಮೀಸಲು ಕ್ಷೇತ್ರವಾಗಿದ್ದರೆ.

ಸ್ವಲ್ಪ ಹಿಂದಕ್ಕೆ ಹೋಗೋಣ. 1952ರ ಮೊದಲ ಮಹಾ ಚುನಾವಣೆಯ ಹೊತ್ತಿಗೆ ಬಿಜಾಪುರ ಜಿಲ್ಲೆ ಮುಂಬೈ ರಾಜ್ಯದಲ್ಲಿತ್ತು. ಇಂಡಿ ಕಡೆಯಿಂದ ಗೆದ್ದ ಶಾಸಕ ಇಂಡಿ ರೋಡ್ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ಹೊಟಗಿ, ಸೊಲ್ಲಾಪುರ ದಾಟಿ ಮುಂಬೈಯ ವಿಧಾನಸಭೆಗೆ ಹೋಗಬೇಕು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಪ್ರಯಾಣದ ದಿಕ್ಕೇ ತಿರುಗಿತು. ಲೋಕಸಭೆಗೆ ಆಗ ಜಿಲ್ಲೆಯಲ್ಲಿ ಎರಡು ಕ್ಷೇತ್ರಗಳು: ಬಿಜಾಪುರ ಉತ್ತರ ಮತ್ತು ಬಿಜಾಪುರ ದಕ್ಷಿಣ. ಉತ್ತರದಿಂದ 1952ರಲ್ಲಿ ಕಾಂಗ್ರೆಸ್ಸಿನ ರಾಜಾರಾಮ ಗಿರಿಧರಲಾಲ ದುಬೆ ಗೆದ್ದರು, ದಕ್ಷಿಣದಿಂದ ರಾಮಪ್ಪ ಬಾಳಪ್ಪ ಬಿದರಿ. 1957ರಲ್ಲಿ ಉತ್ತರದ ಮತದಾರರು ಮುರಿಗೆಪ್ಪ ಸಿದ್ದಪ್ಪ ಸುಗಂಧಿ ಎಂಬ ಪಕ್ಷೇತರರನ್ನು ದಿಲ್ಲಿಗೆ ಕಳಿಸಿದರು. ಕಾಂಗ್ರೆಸ್ಸಿನ ಜೋಡೆತ್ತಿನ ಚಿಹ್ನೆಗೆ ಎದುರೇ ಇಲ್ಲವೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ. ಪಕ್ಷವನ್ನು ಬದಿಗಿಟ್ಟು ಆಳನ್ನು ನೋಡಿ ಓಟು ಹಾಕುವ ಚಾಳಿ ಈ ಭಾಗದಲ್ಲಿ ಮುಂದೆಯೂ ಕಾಣಿಸಿಕೊಂಡಿತು. 1994, 1999, 2004ರಲ್ಲಿ ಇಂಡಿ ಮತಕ್ಷೇತ್ರ ರವಿಕಾಂತ ಪಾಟೀಲರನ್ನು ಸತತ ಮೂರು ಸಲ ಪಕ್ಷೇತರರಾಗಿಯೇ ಆರಿಸಿತು.

‘ಬಿಜಾಪುರ ಉತ್ತರ’, ‘ಬಿಜಾಪುರ ದಕ್ಷಿಣ’ ಎಂಬ ಹೆಸರುಗಳೂ ಈಗಿಲ್ಲ. 1967ರ ಚುನಾವಣೆಗೆ ಅವು ಬಿಜಾಪುರ, ಬಾಗಲಕೋಟೆ ಎಂದಾಗಿದ್ದವು. ಆ ವರ್ಷ ಬಿಜಾಪುರದಲ್ಲಿ ಗೆದ್ದವರು ಸ್ವತಂತ್ರ ಪಕ್ಷದ ಜಿ.ಡಿ. ಪಾಟೀಲ.

ಮೊದಲೆರಡು ಚುನಾವಣೆಗಳಲ್ಲಿ ಓಟು ಹಾಕುವ ಬಗೆ ಇಂದಿನವರಿಗೆ ವಿಚಿತ್ರವಾಗಿ ಕಾಣುತ್ತದೆ. ಒಂದೇ ಪೆಟ್ಟಿಗೆ, ಒಂದೇ ಉದ್ದದ ಮತಪತ್ರ, ಅದರ ಮೇಲೆ ಸ್ವಸ್ತಿಕದ ಮುದ್ರೆ – ಇದೆಲ್ಲ ಆಮೇಲೆ ಬಂದದ್ದು. ಆಗ ಪ್ರತಿ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ. ಪರದೆಯ ಹಿಂದೆ ಪೆಟ್ಟಿಗೆಗಳ ಸಾಲು, ಪ್ರತಿಯೊಂದರ ಮೇಲೂ ಒಂದು ಚಿಹ್ನೆ. ಮತದಾರ ಮಡಿಸಿದ ಚೀಟಿಯ ಮೇಲೆ ಏನೂ ಗುರುತು ಮಾಡುವಂತಿಲ್ಲ. ತನಗೆ ಬೇಕಾದ ಚಿಹ್ನೆಯ ಪೆಟ್ಟಿಗೆ ಹುಡುಕಿ ಅದರಲ್ಲಿ ಇಳಿಬಿಟ್ಟು ಹೊರಬರಬೇಕು. ಓದು ಬಾರದ ಮತದಾರರೇ ಹೆಚ್ಚಿದ್ದ ದೇಶದಲ್ಲಿ ಇದಕ್ಕಿಂತ ಸರಳ ಉಪಾಯ ಇರಲಿಲ್ಲ. ಚೀಟಿಯನ್ನು ಒಳಗೆ ಹಾಕದೆ ಪೆಟ್ಟಿಗೆಯ ಮೇಲೆ ಇಟ್ಟು, ಕೈಮುಗಿದು ಬಂದವರೂ ದೇಶದಲ್ಲಿ ಕಡಿಮೆಯಿರಲಿಲ್ಲ.

ಇನ್ನೂ ತೊಡಕಿನದು ದ್ವಿಸದಸ್ಯ ಕ್ಷೇತ್ರ. 1957ರಲ್ಲಿ ಇಂಡಿ ಅಂಥದೊಂದು ಮತಕ್ಷೇತ್ರ. ಎರಡು ಸ್ಥಾನ, ಅದರಲ್ಲೊಂದು ಪರಿಶಿಷ್ಟ ಜಾತಿಗೆ ಮೀಸಲು, ಮತದಾರನಿಗೆ ಎರಡು ಓಟು. ಪರಿಶಿಷ್ಟ ಜಾತಿಯ ಅಭ್ಯರ್ಥಿಗಳಲ್ಲಿ ಅತಿ ಹೆಚ್ಚು ಮತ ಪಡೆದವರಿಗೆ ಮೀಸಲು ಸ್ಥಾನ. ಉಳಿದವರೆಲ್ಲರಲ್ಲಿ ಹೆಚ್ಚು ಮತ ಪಡೆದವರಿಗೆ ಇನ್ನೊಂದು. ಹೀಗಾದಾಗ ಎರಡೂ ಸ್ಥಾನ ಮೀಸಲು ಸಮುದಾಯದವರಿಗೇ ಹೋಗುವ ಸಾಧ್ಯತೆ ಇತ್ತು. ಆಂಧ್ರದ ಪಾರ್ವತೀಪುರಂ ಲೋಕಸಭಾ ಕ್ಷೇತ್ರದಲ್ಲಿ 1957ರಲ್ಲಿ ಆದದ್ದೂ ಅದೇ: ಎರಡೂ ಸ್ಥಾನ ಪರಿಶಿಷ್ಟ ಪಂಗಡದ ಅಭ್ಯರ್ಥಿಗಳಿಗೆ ಹೋಗಿ, ಮುಂದೆ ರಾಷ್ಟ್ರಪತಿಯಾದ ವಿ.ವಿ. ಗಿರಿ ಸೋತರು. ಅವರು ಸುಪ್ರೀಂ ಕೋರ್ಟಿನವರೆಗೆ ಹೋದರೂ ತೀರ್ಪು ಬದಲಾಗಲಿಲ್ಲ. ಬದಲಾದದ್ದು ಕಾನೂನು. 1961ರಲ್ಲಿ ಸಂಸತ್ತು ದ್ವಿಸದಸ್ಯ ಕ್ಷೇತ್ರಗಳನ್ನು ರದ್ದು ಮಾಡಿತು. ದಲಿತ ಅಭ್ಯರ್ಥಿ ಎರಡೂ ಸ್ಥಾನಕ್ಕೆ ಅರ್ಹನಾಗಿದ್ದ ಪದ್ಧತಿ ಹೋಗಿ, ಅವನಿಗೆಂದು ಬೇರೆ ಗೆರೆ ಎಳೆದು ಕೊಡುವ ಪದ್ಧತಿ ಬಂತು. ಇದು ಲಾಭವೋ ನಷ್ಟವೋ ಎಂಬ ವಾದ ಇಂದಿಗೂ ಮುಗಿದಿಲ್ಲ. ಬಳ್ಳೊಳ್ಳಿ ಸೇರಿದ್ದು ಹೀಗೆ ಬೇರೆ ಗೆರೆ ಎಳೆದುಕೊಂಡ ಏಕಸದಸ್ಯ ಮೀಸಲು ಕ್ಷೇತ್ರಗಳ ಸಾಲಿಗೆ.

ಆ ಕ್ಷೇತ್ರದಿಂದ ಹೊರಟು ಎಲ್ಲರಿಗಿಂತ ದೂರ ಹೋದವರು ರಮೇಶ ಜಿಗಜಿಣಗಿ. ಇಂಡಿ ತಾಲ್ಲೂಕಿನ ಅಥರ್ಗಾದವರು. 1983ರಲ್ಲಿ ಜನತಾ ಪಕ್ಷದ ನೇಗಿಲು ಹೊತ್ತ ರೈತನ ಚಿಹ್ನೆಯಡಿ ಬಳ್ಳೊಳ್ಳಿಯಿಂದ ಮೊದಲ ಸಲ ವಿಧಾನಸಭೆಗೆ ಹೋದರು. 1985ರಲ್ಲಿ ಮತ್ತೆ ಗೆದ್ದರು, 1994ರಲ್ಲಿ ಜನತಾ ದಳದಿಂದ ಮೂರನೆಯ ಸಲ. ರಾಮಕೃಷ್ಣ ಹೆಗಡೆ ಸಂಪುಟದಲ್ಲೂ ಜೆ.ಎಚ್. ಪಟೇಲ್ ಸಂಪುಟದಲ್ಲೂ ಸಚಿವರಾದರು. 1998ರಲ್ಲಿ ಲೋಕಶಕ್ತಿಯಿಂದ ಲೋಕಸಭೆಗೆ ನಿಲ್ಲಲು ಅವರು ಹೋದದ್ದು ಬೆಳಗಾವಿ ಜಿಲ್ಲೆಯ ಚಿಕ್ಕೋಡಿಗೆ. ಕಾರಣ ಸರಳ. ಆಗ ಮೀಸಲಾಗಿದ್ದದ್ದು ಚಿಕ್ಕೋಡಿ, ಅವರ ಸ್ವಂತ ಜಿಲ್ಲೆಯ ಬಿಜಾಪುರ ಸಾಮಾನ್ಯ ಕ್ಷೇತ್ರ. ಬಿ. ಶಂಕರಾನಂದರು ದಶಕಗಳ ಕಾಲ ಹಿಡಿದಿಟ್ಟುಕೊಂಡಿದ್ದ ಆ ಚಿಕ್ಕೋಡಿಯಲ್ಲಿ ಜಿಗಜಿಣಗಿ 1998, 1999, 2004ರಲ್ಲಿ ಮೂರು ಸಲ ಗೆದ್ದರು, ಮೂರು ಸಲವೂ ಬೇರೆ ಬೇರೆ ಪಕ್ಷದಿಂದ.

ಅಷ್ಟರಲ್ಲಿ ಗೆರೆ ಎಳೆಯುವವರು ಬಂದಿದ್ದರು. 2002ರ ಕಾಯ್ದೆಯಡಿ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯಲ್ಲಿ ಕ್ಷೇತ್ರ ಪುನರ್ವಿಂಗಡಣಾ ಆಯೋಗ ರಚನೆಯಾಗಿತ್ತು. ಕರ್ನಾಟಕದ ಒಟ್ಟು 224 ಸ್ಥಾನಗಳನ್ನು ಮುಟ್ಟುವಂತಿರಲಿಲ್ಲ. 2001ರ ಜನಗಣತಿ ಹಿಡಿದು ಅವುಗಳ ಒಳಗಿನ ಗಡಿಗಳನ್ನು ಸರಿದೂಗಿಸಬೇಕಿತ್ತು. ರಾಜ್ಯದ ಕೆಲವು ಸಂಸದರು, ಶಾಸಕರು ಆಯೋಗದ ಸಹ ಸದಸ್ಯರು. ಮಾತಾಡಬಹುದು, ಓಟು ಹಾಕುವಂತಿಲ್ಲ. ಕರಡು ಪ್ರಕಟಿಸಿ, ಆಕ್ಷೇಪಣೆ ಕರೆದು, ಬಹಿರಂಗ ಸಭೆ ನಡೆಸಿದ ಮೇಲೆ ಆಯೋಗ ಹೊರಡಿಸುವ ಆದೇಶವನ್ನು ಯಾವ ನ್ಯಾಯಾಲಯದಲ್ಲೂ ಪ್ರಶ್ನಿಸುವಂತಿಲ್ಲ ಎಂದು ಕಾಯ್ದೆ ಹೇಳಿತ್ತು. ಪರಿಶಿಷ್ಟ ಜಾತಿಯ ಮೀಸಲು ಸ್ಥಾನಗಳು ರಾಜ್ಯದ ಬೇರೆ ಬೇರೆ ಭಾಗಗಳಲ್ಲಿ ಹಂಚಿಹೋಗಬೇಕು, ಆದಷ್ಟೂ ಆ ಜನಸಂಖ್ಯೆ ಹೆಚ್ಚಿರುವ ಕಡೆ ಬೀಳಬೇಕು ಎಂಬುದು ನಿಯಮ. ಈ ಲೆಕ್ಕ ಮುಗಿದಾಗ ವಿಧಾನಸಭೆಯಲ್ಲಿ ಪರಿಶಿಷ್ಟ ಜಾತಿಯ ಸ್ಥಾನಗಳು 33ರಿಂದ 36ಕ್ಕೆ, ಪರಿಶಿಷ್ಟ ಪಂಗಡದ ಸ್ಥಾನಗಳು ಎರಡರಿಂದ 15ಕ್ಕೆ ಏರಿದ್ದವು. ಮೊದಲು ಬೀದರ್ ಜಿಲ್ಲೆಯ ಔರಾದಿನಿಂದ ಶುರುವಾಗುತ್ತಿದ್ದ ಕ್ರಮಸಂಖ್ಯೆ ಈಗ ನಿಪ್ಪಾಣಿಯಿಂದ ಶುರುವಾಯಿತು. ಹೊಸ ಗಡಿಗಳಲ್ಲಿ ವಿಧಾನಸಭಾ ಚುನಾವಣೆ ಎದುರಿಸಿದ ಮೊದಲ ರಾಜ್ಯವೂ ಕರ್ನಾಟಕವೇ, 2008ರ ಮೇ ತಿಂಗಳಲ್ಲಿ.

ಬಿಜಾಪುರ ಜಿಲ್ಲೆಗೆ ಮೊದಲೂ ಎಂಟು ಸ್ಥಾನ, ಆಮೇಲೂ ಎಂಟು. ಆದರೆ ಮೂರು ಊರುಗಳು ಪಟ್ಟಿಯಿಂದ ಬಿದ್ದುಹೋದವು: ಬಳ್ಳೊಳ್ಳಿ, ತಿಕೋಟಾ, ಹೂವಿನ ಹಿಪ್ಪರಗಿ. ಅವುಗಳ ಜಾಗಕ್ಕೆ ನಾಗಠಾಣ, ಬಬಲೇಶ್ವರ, ದೇವರ ಹಿಪ್ಪರಗಿ ಬಂದವು. ಪಕ್ಕದ ಬಾಗಲಕೋಟೆಯಲ್ಲಿ ಖಣದ ಊರು ಗುಳೇದಗುಡ್ಡ ಹೋಗಿ ತೇರದಾಳ ಬಂತು. ಲೋಕಸಭೆಯಲ್ಲಿ ಚಿಕ್ಕೋಡಿ ಸಾಮಾನ್ಯವಾಯಿತು, ಬಿಜಾಪುರ ಮೀಸಲಾಯಿತು. ಜಿಗಜಿಣಗಿ 2009ರಲ್ಲಿ ಸ್ವಂತ ಜಿಲ್ಲೆಗೆ ಮರಳಿದರು. ಅಂದಿನಿಂದ 2024ರವರೆಗೆ ನಾಲ್ಕೂ ಚುನಾವಣೆ ಗೆದ್ದಿದ್ದಾರೆ. ಅವರನ್ನು ಮೊದಲು ಶಾಸಕರನ್ನಾಗಿ ಮಾಡಿದ ಬಳ್ಳೊಳ್ಳಿ ಮಾತ್ರ ಆ ಹೊತ್ತಿಗೆ ಯಾವ ಪಟ್ಟಿಯಲ್ಲೂ ಇಲ್ಲ.

ರಾಜಕಾರಣಿಗಳು ಹೊಸ ಗೆರೆಗಳಿಗೆ ಹೊಂದಿಕೊಂಡ ವೇಗ ನೋಡಬೇಕು. ತಿಕೋಟಾದಲ್ಲಿ ತಂದೆ ಬಿ.ಎಂ. ಪಾಟೀಲರು ತೀರಿಕೊಂಡ ಮೇಲೆ 1991ರ ಉಪಚುನಾವಣೆಯಲ್ಲಿ ಗೆದ್ದಿದ್ದ ಎಂ.ಬಿ. ಪಾಟೀಲ, 2004ರಲ್ಲಿ ಮತ್ತೆ ಅದೇ ತಿಕೋಟಾದ ಶಾಸಕ. 2008ರಲ್ಲಿ ಬಬಲೇಶ್ವರದ ಶಾಸಕ, ಇಂದಿಗೂ ಅಲ್ಲಿಯವರೇ. 1994 ಮತ್ತು 1999ರಲ್ಲಿ ತಿಕೋಟಾ ಗೆದ್ದಿದ್ದ ಶಿವಾನಂದ ಪಾಟೀಲರು ಪುನರ್ವಿಂಗಡಣೆಗೂ ಕಾಯದೆ 2004ರಲ್ಲೇ ಬಸವನ ಬಾಗೇವಾಡಿಗೆ ದಾಟಿದ್ದರು. ಹೂವಿನ ಹಿಪ್ಪರಗಿಯ ಶಾಸಕರಾಗಿದ್ದ ಬಿ.ಎಸ್. ಪಾಟೀಲ ಸಾಸನೂರರ ಮಗ ಸೋಮನಗೌಡ 2018ರಲ್ಲಿ ದೇವರ ಹಿಪ್ಪರಗಿಯಿಂದ ಆರಿಸಿ ಬಂದರು. ಮಡಿವಾಳ ಮಾಚಿದೇವರ ಊರಾದ ದೇವರ ಹಿಪ್ಪರಗಿ ಇದ್ದದ್ದು ಸಿಂದಗಿ ತಾಲ್ಲೂಕಿನಲ್ಲಿ, ಹೂವಿನ ಹಿಪ್ಪರಗಿ ಇರುವುದು ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿ. ಹೊರಗಿನವರಿಗೆ ಒಂದೇ ಹಿಪ್ಪರಗಿಯ ವಿಶೇಷಣ ಬದಲಾದಂತೆ ಕಂಡರೂ, ಅಲ್ಲಿಯವರಿಗೆ ಎರಡು ಬೇರೆ ಸೀಮೆ.

ಇಂಗ್ಲೆಂಡಿನಲ್ಲಿ ಇದರ ತಿರುವುಮುರುವು ನಡೆದಿತ್ತು. ಸ್ಯಾಲಿಸ್‌ಬರಿ ಪಕ್ಕದ ಓಲ್ಡ್ ಸೇರಮ್ ಎಂಬ ದಿಬ್ಬದ ಮೇಲಿನ ಪಟ್ಟಣದಿಂದ ಜನ ಬಿಟ್ಟುಹೋಗಿ ಶತಮಾನಗಳಾದರೂ ಅದು ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರನ್ನು ಕಳಿಸುತ್ತಲೇ ಇತ್ತು. ಮುಂದೆ ದೇಶ ಆಳಿದ ಹಿರಿಯ ವಿಲಿಯಂ ಪಿಟ್ ಮೊದಲು ಗೆದ್ದದ್ದು ಆ ಖಾಲಿ ದಿಬ್ಬದಿಂದಲೇ. ಸಫೋಕ್ ತೀರದ ಡನ್‌ವಿಚ್ ಬಂದರನ್ನು ಸಮುದ್ರ ಬಹುಪಾಲು ನುಂಗಿತ್ತು, ಪಾರ್ಲಿಮೆಂಟಿನಲ್ಲಿ ಅದರ ಎರಡು ಕುರ್ಚಿಗಳು ಮಾತ್ರ ಒಣಗಿಕೊಂಡೇ ಇದ್ದವು. 1832ರ ಸುಧಾರಣಾ ಕಾಯ್ದೆ ಇಂಥ 56 ಪಟ್ಟಣಗಳ ಪ್ರಾತಿನಿಧ್ಯವನ್ನು ಪೂರ್ತಿ ಕಿತ್ತುಹಾಕಿತು. ಅಲ್ಲಿ ಊರು ಹೋಗಿ ಕ್ಷೇತ್ರ ಉಳಿದಿತ್ತು. ನಮ್ಮಲ್ಲಿ ಊರು, ಜನ, ಓಟು ಎಲ್ಲ ಇದ್ದು ಕ್ಷೇತ್ರ ಹೋಯಿತು. ಎರಡರಲ್ಲಿ ನಮ್ಮದೇ ಮೇಲು ಎನ್ನಬೇಕು. ಒಬ್ಬನಿಗೆ ಒಂದು ಓಟು, ಎಲ್ಲರ ಓಟಿಗೂ ಒಂದೇ ತೂಕ ಎಂಬ ಮಾತು ನಿಜವಾಗಬೇಕಾದರೆ ಆಗಾಗ ಗೆರೆ ಅಳಿಸಲೇಬೇಕು.

ಹಾಗೆಂದು ಹೆಸರು ಹೋದರೆ ಏನೂ ಹೋಗುವುದಿಲ್ಲ ಎನ್ನಲಾಗದು. ಮತಕ್ಷೇತ್ರದ ಹೆಸರು ಹೊತ್ತ ಊರಿಗೆ ತಾಲ್ಲೂಕು ಕಚೇರಿಯಾಗಲಿ, ಆಸ್ಪತ್ರೆಯಾಗಲಿ ತಾನಾಗಿ ಬರುವುದಿಲ್ಲ ನಿಜ. ಆದರೆ ಪತ್ರಿಕೆಯವರು ಅದನ್ನು ಹುಡುಕಿಕೊಂಡು ಬರುತ್ತಾರೆ, ಮುಖ್ಯಮಂತ್ರಿಯ ಪ್ರಚಾರ ಸಭೆಯ ಪಟ್ಟಿಯಲ್ಲಿ ಅದು ಇರುತ್ತದೆ, ರಸ್ತೆ ಕೇಳಿ ಕೊಟ್ಟ ಮನವಿಯ ಮೇಲೆ ಅದರ ಹೆಸರಿಗೊಂದು ತೂಕ ಇರುತ್ತದೆ. ತಿಕೋಟಾ ಕ್ಷೇತ್ರ ಕಳೆದುಕೊಂಡರೂ ಹೊಸ ತಾಲ್ಲೂಕುಗಳ ಕಂತಿನಲ್ಲಿ ತಾಲ್ಲೂಕು ಕೇಂದ್ರವಾಯಿತು. ಬಬಲೇಶ್ವರ, ದೇವರ ಹಿಪ್ಪರಗಿ, ಚಡಚಣವೂ ತಾಲ್ಲೂಕುಗಳಾದವು. ಬಳ್ಳೊಳ್ಳಿ ಮತ್ತು ಹೂವಿನ ಹಿಪ್ಪರಗಿ ಹೋಬಳಿಯಾಗಿಯೇ ಉಳಿದಿವೆ. ಒಂದು ಕಾಲಕ್ಕೆ ಶಾಸಕರ ಹೆಸರಿನ ಜೊತೆ ಹೇಳುತ್ತಿದ್ದ ಈ ಊರುಗಳನ್ನು ಈಗ ‘ಅದು ಎಲ್ಲಿ ಬರ್ತೈತಿ?’ ಎಂದು ಕೇಳುವ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕು.

ಮೀಸಲಾತಿ ಮಾತ್ರ ನಾಗಠಾಣಕ್ಕೆ ವರ್ಗವಾಗಿ ಮುಂದುವರಿದಿದೆ. ವಿಜಯಪುರ ತಾಲ್ಲೂಕಿನ ಭಾಗವೂ ಚಡಚಣ ಸೀಮೆಯೂ ಸೇರಿದ ಕ್ಷೇತ್ರ ಅದು. ಅಲ್ಲಿಯ ಮತದಾರರು ಯಾರನ್ನೂ ಬೆನ್ನುಬೆನ್ನಿಗೆ ಎರಡು ಸಲ ಆರಿಸಿಲ್ಲ. 2008ರಲ್ಲಿ ಬಿಜೆಪಿಯ ವಿಠ್ಠಲ ಕಟಕಧೋಂಡ, 2013ರಲ್ಲಿ ಕಾಂಗ್ರೆಸ್ಸಿನ ರಾಜು ಆಲಗೂರ, 2018ರಲ್ಲಿ ಜೆಡಿಎಸ್‌ನ ದೇವಾನಂದ ಚವ್ಹಾಣ, 2023ರಲ್ಲಿ ಮತ್ತೆ ಕಟಕಧೋಂಡ, ಈ ಸಲ ಕಾಂಗ್ರೆಸ್ಸಿನಿಂದ. ಮೂರು ಪಕ್ಷ, ನಾಲ್ಕು ಚುನಾವಣೆ. ಸುರಕ್ಷಿತ ಕ್ಷೇತ್ರವೆಂದು ಯಾವ ಪಕ್ಷವೂ ಮಗ್ಗುಲು ಬದಲಿಸಿ ಮಲಗುವಂತಿಲ್ಲ.

ಹೆಸರುಗಳ ವಿಷಯದಲ್ಲಿ ಚುನಾವಣಾ ಕಡತ ತನ್ನದೇ ಹಾದಿ ಹಿಡಿದಿದೆ. 2014ರ ನವೆಂಬರ್ 1ರಿಂದ ಜಿಲ್ಲೆ ವಿಜಯಪುರವಾದರೂ, ಚುನಾವಣಾ ಆಯೋಗದ ಪಟ್ಟಿಯಲ್ಲಿ ಲೋಕಸಭಾ ಕ್ಷೇತ್ರ ಬಿಜಾಪುರವೇ, ವಿಧಾನಸಭಾ ಕ್ಷೇತ್ರ ಬಿಜಾಪುರ ನಗರವೇ. ಇಂಡಿ, ಸಿಂದಗಿ, ಮುದ್ದೇಬಿಹಾಳಗಳಿಗೆ ಈ ಗೊಂದಲವಿಲ್ಲ. ತಾಲ್ಲೂಕು ಕೇಂದ್ರಗಳಾದ್ದರಿಂದ ಅವು ಗೆರೆ ಎಲ್ಲಿ ಓಡಿದರೂ ಹೆಸರು ಉಳಿಸಿಕೊಂಡಿವೆ. ಹೋಗುವುದೇನಿದ್ದರೂ ಹೋಬಳಿ ಊರುಗಳದು.

ಮುಂದಿನ ಸುತ್ತು ದೂರವಿಲ್ಲ. ಸ್ಥಾನಗಳ ಸಂಖ್ಯೆಗೆ ಸಂವಿಧಾನ ಹಾಕಿದ್ದ ತಡೆ 2026ರ ನಂತರದ ಮೊದಲ ಜನಗಣತಿಯವರೆಗೆ ಮಾತ್ರ, ಮತ್ತು ಆ ಜನಗಣತಿಗೆ ಕೇಂದ್ರ ಗೊತ್ತುಪಡಿಸಿರುವುದು 2027ರ ಮಾರ್ಚ್ 1ನ್ನು. ಆಗ ನಾಗಠಾಣ, ಬಬಲೇಶ್ವರ, ದೇವರ ಹಿಪ್ಪರಗಿಗಳ ಗೆರೆಯೂ ಮೇಜಿನ ಮೇಲೆ ಬರುತ್ತದೆ. ಮಹಿಳಾ ಮೀಸಲು ಕ್ಷೇತ್ರಗಳ ಹೊಸ ಲೆಕ್ಕವೂ ಅದರ ಜೊತೆಗೇ. ಕರಡು ಹೊರಬಿದ್ದ ಮೇಲೆ ಆಕ್ಷೇಪಣೆಗೆ ಸಿಗುವುದು ಸ್ವಲ್ಪವೇ ದಿನ. ಬಳ್ಳೊಳ್ಳಿಯವರು ಅರ್ಜಿ ಕೊಡುವುದಿದ್ದರೆ ಹಳೆಯ ಶಾಸಕರ ಹೆಸರುಗಳಿಂದ ಉಪಯೋಗವಿಲ್ಲ. ಹೋಬಳಿಯ ಹಳ್ಳಿಗಳ ಪಟ್ಟಿ, ಜನಸಂಖ್ಯೆ, ಅದರಲ್ಲಿ ಪರಿಶಿಷ್ಟ ಜಾತಿಯವರೆಷ್ಟು, ಯಾವ ಊರಿನಿಂದ ಯಾವ ಊರಿಗೆ ಬಸ್ಸಿದೆ – ಇವನ್ನು ಈಗಲೇ ಬರೆದಿಟ್ಟುಕೊಳ್ಳುವುದು ಲೇಸು.