ಬಣ್ಣದ ನೀರೂ ಶೇಂಗಾ ಹೊಟ್ಟೂ

ಇಳಕಲ್ ಸೀರೆಯ ಚೆಲುವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ವರ್ಣಿಸಬೇಕಾದುದಿಲ್ಲ. ಹತ್ತಿಯ ಒಡಲಿಗೆ ಕೆಂಪು ರೇಷ್ಮೆಯ ಸೆರಗನ್ನು ಕೊಂಡಿಗಳಿಂದ ಬೆಸೆಯುವ ಆ ನೇಯ್ಗೆಯು ಈ ಸೀಮೆಯ ಅನೇಕ ಮನೆಗಳಿಗೆ ಅನ್ನವನ್ನಿತ್ತಿದೆ. ಆದರೆ ನೂಲಿಗೆ ಬಣ್ಣವೇರಿಸಿದ ಬಳಿಕ ಉಳಿಯುವ ನೀರು ಎಲ್ಲಿಗೆ ಹೋಗುತ್ತದೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ವಿಚಾರಿಸಿದ್ದೇವೆ?

ನೇಕಾರರ ಮನೆಯ ಬಾಲಿಕೆಯೊಬ್ಬಳು ಒಂದು ದಿನ ಅಂಥ ಕೆಂಪು ನೀರನ್ನು ಸೀಸೆಯಲ್ಲಿ ತಂದು, "ಇದನ್ನು ತಿಳಿಗೊಳಿಸಬಹುದೇ?" ಎಂದು ಕೇಳಿದಳು. ಅವಳ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

1856ರಲ್ಲಿ ವಿಲಿಯಮ್ ಪರ್ಕಿನ್ನನು ಕಲ್ಲಿದ್ದಲಿನ ಡಾಂಬರಿನಿಂದ ಬಂದ ದ್ರವ್ಯದಲ್ಲಿ ನೇರಳೆ ಬಣ್ಣವನ್ನು ಕಂಡುಹಿಡಿದ ಮೇಲೆ ಕೃತಕ ಬಣ್ಣಗಳು ಲೋಕವನ್ನು ತುಂಬಿದವು. ಬಿಸಿಲಿಗೂ ನೀರಿಗೂ ಮಾಸದಿರುವುದು ಬಟ್ಟೆಯಲ್ಲಿ ಗುಣ. ಚರಂಡಿಯಲ್ಲಿ ಅದೇ ದೋಷ. ಬಣ್ಣದ ನೀರು ಹಳ್ಳವನ್ನು ಸೇರಿದರೆ ಜಲಸಸ್ಯಗಳಿಗೆ ಬೆಳಕು ತಲಪದು. ಕೆಲವು ಬಣ್ಣಗಳು ಒಡೆದು ವಿಷದ್ರವ್ಯಗಳಾಗುವುದೂ ಉಂಟು.

ಇದಕ್ಕೊಂದು ಹಳೆಯ ಉಪಾಯವಿದೆ. ಇದ್ದಿಲು ದ್ರಾವಣದ ಬಣ್ಣವನ್ನು ಕಳೆಯುತ್ತದೆಂಬುದನ್ನು 1785ರಲ್ಲಿ ಲೋವಿಟ್ಸ್ ಎಂಬ ರಸಾಯನಜ್ಞನು ಕಂಡನು. ಬಣ್ಣದ ಕಣಗಳು ಘನವಸ್ತುವಿನ ಮೈಗೆ ಅಂಟಿಕೊಳ್ಳುವ ಈ ಕ್ರಿಯೆಗೆ ಅಧಿಶೋಷಣವೆಂದು ಹೆಸರು. ಸಂಸ್ಕರಿಸಿದ ಇದ್ದಿಲಿನ ಒಂದು ಗ್ರಾಮಿನೊಳಗಿನ ರಂಧ್ರಗಳ ಮೈಯನ್ನೆಲ್ಲ ಹರವಿದರೆ 500 ಚದರ ಮೀಟರಿಗೂ ಮಿಕ್ಕೀತು. ಆದರೆ ಅದರ ಬೆಲೆ ಹೆಚ್ಚು. ಆದುದರಿಂದ ಶೇಂಗಾ ಹೊಟ್ಟು, ಗೋವಿನಜೋಳದ ದಿಂಡು, ಕಬ್ಬಿನ ಸಿಪ್ಪೆ ಮೊದಲಾದ ಅಗ್ಗದ ವಸ್ತುಗಳನ್ನು ವಿಜ್ಞಾನಿಗಳು ಪರೀಕ್ಷಿಸಿದ್ದಾರೆ.

ನಾವೂ ಶೇಂಗಾ ಹೊಟ್ಟನ್ನು ಕುಟ್ಟಿ, ಅದರ ಸ್ವಂತ ಬಣ್ಣ ಹೋಗುವಂತೆ ಕುದಿಸಿ ತೊಳೆದು, ಒಣಗಿಸಿದೆವು. ಪ್ರಯೋಗಶಾಲೆಯ ಮೆಥಿಲೀನ್ ನೀಲಿಯ ನೀರು ಅದರಿಂದ ಬೇಗನೆ ತಿಳಿಯಾಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಆದರೆ ಸೀಸೆಯ ಕೆಂಪು ನೀರು ಕೆಂಪಾಗಿಯೇ ಉಳಿಯಿತು! ಬಾಲಿಕೆಯ ಮುಖ ಬಾಡಿತು.

ಕಾರಣವನ್ನು ಹುಡುಕಿದೆವು. ನೀರಿನಲ್ಲಿ ಹೊಟ್ಟಿನ ಮೈಗೆ ಋಣವಿದ್ಯುತ್ತಿರುತ್ತದೆ. ಮೆಥಿಲೀನ್ ನೀಲಿಯು ಧನವಿದ್ಯುತ್ತಿನದು, ಆದುದರಿಂದ ಅಂಟಿತು. ರೇಷ್ಮೆಯ ಆಮ್ಲವರ್ಣವು ಋಣವಿದ್ಯುತ್ತಿನದು, ಆದುದರಿಂದ ದೂರ ಸರಿಯಿತು. ರೇಷ್ಮೆಗೆ ಬಣ್ಣ ಹಿಡಿಯಲೆಂದು ಬಣ್ಣಗಾರರು ಹಂಡೆಗೆ ಹುಳಿಯನ್ನು ಬೆರೆಸುವುದಿಲ್ಲವೇ? ಅದನ್ನೇ ನೆನೆದು ನಿಂಬೆಯ ರಸವನ್ನು ಹಿಂಡಿದೆವು. ಹುಳಿಯು ಹೊಟ್ಟಿನ ಋಣವಿದ್ಯುತ್ತನ್ನು ತಗ್ಗಿಸಲಾಗಿ ಕೆಂಪು ಬಹುಮಟ್ಟಿಗೆ ಇಳಿಯಿತು. ತಂದೆಯ ಕಸುಬಿನ ಯುಕ್ತಿಯೇ ಮಗಳ ಪ್ರಶ್ನೆಗೆ ಉತ್ತರವಾಯಿತು.

ಇನ್ನು ಕೆಲವು ಎಚ್ಚರಿಕೆಗಳು. ಹೊಟ್ಟನ್ನು ಸೋಸಿ ತೆಗೆದ ಬಳಿಕವೇ ಸುಣ್ಣದ ತಿಳಿಯಿಂದ ಹುಳಿಯನ್ನು ಮುರಿಯಬೇಕು. ಮೊದಲೇ ಹಾಕಿದರೆ ಹಿಡಿದ ಬಣ್ಣ ಮರಳಿ ಬಿಟ್ಟೀತು. ಬಣ್ಣ ಹಿಡಿದ ಹೊಟ್ಟನ್ನು ಹೊಲಕ್ಕೆ ಚೆಲ್ಲಬಾರದು, ಒಲೆಗೂ ಹಾಕಬಾರದು. ಕಣ್ಣಿಗೆ ತಿಳಿಯಾದ ನೀರಿನಲ್ಲಿಯೂ ಉಪ್ಪು ಮೊದಲಾದವು ಕರಗಿ ಉಳಿದಿರುತ್ತವೆ. ಅದು ಕುಡಿಯಲು ಸರ್ವಥಾ ಯೋಗ್ಯವಲ್ಲ.

ಸೀಸೆಯೊಳಗೆ ಸಾಧಿಸಿದುದನ್ನು ಹಂಡೆಗಟ್ಟಲೆ ನೀರಿಗೆ ಅನ್ವಯಿಸುವುದು ಒಬ್ಬರ ಕೈಯ ಕೆಲಸವಲ್ಲ. ಓಣಿಯ ಬಣ್ಣಗಾರರು ಕೂಡಿ, ಬಲ್ಲವರ ನೆರವಿನಿಂದ ಒಂದು ಸೋಸುವ ತೊಟ್ಟಿಯನ್ನು ಕಟ್ಟಿಸಿದರೆ ಆರಂಭವಾದೀತು. ನೇಕಾರ ಮನೆತನಗಳ ಪಾಲಕರೂ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಇದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ಬಿನ್ನಹ. ಸೆರಗಿನ ಕೆಂಪು ಸೆರಗಿನಲ್ಲಿಯೇ ಉಳಿಯಲಿ.