ಹೊಳೆಯುವ ಉಕ್ಕಿಗೂ ತೂತು

ಪ್ರಶ್ನೆ: ಸ್ಟೇನ್‌ಲೆಸ್ ಸ್ಟೀಲ್ ಡಬ್ಬಿಯಲ್ಲಿಟ್ಟ ಅಣುತ್ಯಾಜ್ಯವೂ ಸೋರಬಹುದೇ?
– ಓದುಗರೊಬ್ಬರು, ಕಾಮಸಮುದ್ರ

ಉತ್ತರ: ಸೋರಬಹುದು. ಈ ಉಕ್ಕನ್ನು ಕಾಯುವುದು ಕಣ್ಣಿಗೆ ಕಾಣದಷ್ಟು ತೆಳುವಾದ ಕ್ರೋಮಿಯಂ ಆಕ್ಸೈಡ್ ಪದರ. ನೀರಿನಲ್ಲಿರುವ ಕ್ಲೋರೈಡ್ ಅದನ್ನು ಚುಕ್ಕೆಯಷ್ಟು ಜಾಗದಲ್ಲಿ ಮುರಿದರೂ ಸಾಕು, ಅಲ್ಲೊಂದು ಕುಳಿ ಹುಟ್ಟುತ್ತದೆ. ಕರಗಿದ ಲೋಹದಿಂದ ಕುಳಿಯೊಳಗಿನ ನೀರು ಆಮ್ಲವಾಗುತ್ತದೆ, ಇನ್ನಷ್ಟು ಕ್ಲೋರೈಡ್ ಒಳಸೇರುತ್ತದೆ, ಪದರ ಮತ್ತೆ ಕೂಡಿಕೊಳ್ಳುವುದಿಲ್ಲ. ಹೊರಮೈ ಫಳಫಳಿಸುತ್ತಿದ್ದರೂ ಹುಳುಕು ಹಲ್ಲಿನಂತೆ ತೂತು ಆಳಕ್ಕಿಳಿಯುತ್ತದೆ. ಮೈಯೆಲ್ಲ ಸಮನಾಗಿ ಹಿಡಿಯುವ ತುಕ್ಕಿನ ವೇಗವನ್ನು ಲೆಕ್ಕಹಾಕಬಹುದು. ಆದರೆ ಈ ಕುಳಿ ಎಲ್ಲಿ ಶುರುವಾದೀತೆಂದು ಹೇಳುವುದೇ ಕಷ್ಟ.

ಕಾಮಸಮುದ್ರದವರು ಇದನ್ನು ಕೇಳಿದ್ದು ಸಹಜವೇ. ನೆರೆಯ ಕೆಜಿಎಫ್‌ನ ಪಾಳುಬಿದ್ದ ಗಣಿಭಾಗದಲ್ಲಿ, ಸುಮಾರು 1,000 ಮೀಟರ್ ಆಳದಲ್ಲಿ, 1980ರ ದಶಕದಲ್ಲಿ ಅಣುವಿಜ್ಞಾನಿಗಳು ಹೀಟರುಗಳನ್ನಿಟ್ಟು, ತ್ಯಾಜ್ಯದ ಬಿಸಿಗೆ ಬಂಡೆ ಹೇಗೆ ವರ್ತಿಸೀತೆಂದು ಪರೀಕ್ಷಿಸಿದ್ದರು. ಇಟ್ಟದ್ದು ಹೀಟರು, ತ್ಯಾಜ್ಯವಲ್ಲ. ಆದರೂ 2012ರಲ್ಲಿ ಗಣಿಗೆ ಅಣುತ್ಯಾಜ್ಯ ಬರಲಿದೆಯೆಂಬ ಸುದ್ದಿ ಹಬ್ಬಿದಾಗ ಜನ ಬೀದಿಗಿಳಿದರು.

ಭಾರತದಲ್ಲಿ ತೀವ್ರ ವಿಕಿರಣದ ತ್ಯಾಜ್ಯವನ್ನು ಗಾಜಿನೊಂದಿಗೆ ಕರಗಿಸಿಯೇ ಡಬ್ಬಿಗೆ ಸುರಿಯುತ್ತಾರೆ. ಡಬ್ಬಿ ತೂತಾದರೂ ಗಾಜು ಸುಲಭಕ್ಕೆ ಕರಗದು.

ಅಣುತ್ಯಾಜ್ಯದ ಡಬ್ಬಿಗೆ ಸ್ವೀಡನ್ ನೆಚ್ಚಿಕೊಂಡಿರುವುದು 5 ಸೆಂಟಿಮೀಟರ್ ದಪ್ಪದ ತಾಮ್ರವನ್ನು. ಅದಕ್ಕೂ ಕುಳಿ ಬೀಳದೇ ಎಂಬ ಅನುಮಾನವನ್ನು 2018ರಲ್ಲಿ ಅಲ್ಲಿನ ಪರಿಸರ ನ್ಯಾಯಾಲಯವೇ ಎತ್ತಿತ್ತು. ಆದರೂ ಅಲ್ಲಿನ ಸರ್ಕಾರ 2022ರಲ್ಲಿ ಆ ಯೋಜನೆಗೆ ಒಪ್ಪಿಗೆ ಕೊಟ್ಟಿತು.