ಐದು ಸಾವಿರ ಹೆಸರುಗಳ ನಡುವೆ

1965ರ ಆಗಸ್ಟ್‌ನಲ್ಲಿ ‘ಫಿಸಿಕ್ಸ್ ಲೆಟರ್ಸ್’ ಪತ್ರಿಕೆಯಲ್ಲಿ ಒಂದು ಪುಟ್ಟ ಪ್ರಬಂಧ ಬಂತು. ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಎರಡು ಕಿಲೊಮೀಟರಿಗೂ ಹೆಚ್ಚು ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಕಣಗಳ ಸುಳಿವು ಸಿಕ್ಕ ಸುದ್ದಿ ಅದು. ಲೇಖಕರು ಹನ್ನೊಂದು ಮಂದಿ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ, ಇಂಗ್ಲೆಂಡಿನ ಡರ್ಹ್ಯಾಮ್ ವಿಶ್ವವಿದ್ಯಾಲಯಗಳವರು. ಅವರಲ್ಲೊಬ್ಬರು ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್. 1950ರ ದಶಕದ ಆರಂಭದಲ್ಲೇ ಅದೇ ಗಣಿಗಳಿಗೆ ಇಳಿದು, ಬೇರೆ ಬೇರೆ ಆಳದಲ್ಲಿ ಮ್ಯುಯಾನ್ ಎಂಬ ಕಣಗಳನ್ನು ಎಣಿಸಿದ್ದವರು ಅವರು. ಹನ್ನೊಂದು ಹೆಸರುಗಳಿದ್ದಾಗ ಯಾರು ಏನು ಮಾಡಿದರೆಂದು ವಿಚಾರಿಸಿ ತಿಳಿಯಬಹುದಿತ್ತು.

ಸುಮಾರು ಐವತ್ತು ವರ್ಷಗಳ ನಂತರ, 2015ರ ಮೇ ತಿಂಗಳಲ್ಲಿ, ‘ಫಿಸಿಕಲ್ ರಿವ್ಯೂ ಲೆಟರ್ಸ್’ ಇನ್ನೊಂದು ಪ್ರಬಂಧ ಪ್ರಕಟಿಸಿತು. ಜಿನೀವಾ ಬಳಿಯ ಕಣಭೌತ ಪ್ರಯೋಗಾಲಯ ಸರ್ನ್‌ನ ಅಟ್ಲಾಸ್ ಮತ್ತು ಸಿಎಂಎಸ್ ತಂಡಗಳು ಸೇರಿ ಹಿಗ್ಸ್ ಬೋಸಾನ್ ಎಂಬ ಕಣದ ದ್ರವ್ಯರಾಶಿಯನ್ನು ಲೆಕ್ಕಹಾಕಿದ್ದವು. ಲೇಖಕರು 5,154 ಮಂದಿ! 33 ಪುಟಗಳಲ್ಲಿ ವಿಷಯಕ್ಕೆ ಸಿಕ್ಕಿದ್ದು ಒಂಬತ್ತು. ಉಳಿದ 24 ಪುಟಗಳ ತುಂಬ ಲೇಖಕರ ಮತ್ತು ಅವರ ಸಂಸ್ಥೆಗಳ ಹೆಸರುಗಳು.

ಇಂಥ ತಂಡದಲ್ಲಿ ದುಡಿಯುವ ಯುವ ವಿಜ್ಞಾನಿಯ ಪ್ರಕಟಣೆಗಳ ಪಟ್ಟಿ ಕೆಲವೇ ವರ್ಷಗಳಲ್ಲಿ ನೂರಾರು ದಾಟುತ್ತದೆ. ನೋಡಿದವರು ಬೆರಗಾಗುತ್ತಾರೆ, ಇಲ್ಲವೇ ಅನುಮಾನಿಸುತ್ತಾರೆ. ಎರಡೂ ತಪ್ಪು. ಅಟ್ಲಾಸ್‌ನಲ್ಲಿ ಲೇಖಕರ ಪಟ್ಟಿಗೆ ಸೇರಬೇಕಾದರೆ ಮೊದಲು ತಂಡಕ್ಕಾಗಿ ಒಂದು ನಿಗದಿತ ಕೆಲಸ ಮಾಡಿ ಒಪ್ಪಿಸಬೇಕು. ಉಪಕರಣದ ಒಂದು ಭಾಗವನ್ನು ಪರೀಕ್ಷಿಸುವುದು, ಅಳತೆ ಸರಿಪಡಿಸುವುದು, ತಂತ್ರಾಂಶ ಬರೆಯುವುದು, ಹೀಗೆ ಏನೋ ಒಂದು. ಆಮೇಲೆ ಹೆಸರುಗಳು ಅಕ್ಷರಾನುಕ್ರಮದಲ್ಲಿ ಬರುತ್ತವೆ. ಮೊದಲು ಬಂದವರು ಹೆಚ್ಚು ದುಡಿದವರೆಂದಲ್ಲ. ನಿಯಮ ನ್ಯಾಯವಾದದ್ದೇ. ಆದರೆ ಆ ಸಾಲಿನಲ್ಲಿ ಒಬ್ಬೊಬ್ಬರ ಕೈಕೆಲಸ ಕಾಣುವುದಿಲ್ಲ.

ಕಾಣಬೇಕಾದರೆ ನೋಡಬೇಕಾದ್ದು ಪಟ್ಟಿಯಲ್ಲಿ ಅಲ್ಲಲ್ಲಿ ಇಣುಕುವ ಸಣ್ಣ ಪ್ರಬಂಧಗಳನ್ನು: ಶೋಧಕಗಳ ಬಗ್ಗೆ, ಗಣಕ ಕೆಲಸದ ಬಗ್ಗೆ ಬರೆದವು. 1968ರಲ್ಲಿ ಸರ್ನ್‌ನ ಜಾರ್ಜ್ ಶಾರ್ಪಾಕ್ ಮತ್ತು ನಾಲ್ವರು ಸಂಗಡಿಗರು ಅಂಥದ್ದೊಂದು ಬರೆದರು. ಅಲ್ಲಿಯವರೆಗೆ ಕಣಗಳ ಜಾಡನ್ನು ಹೆಚ್ಚಾಗಿ ಫೋಟೊ ತೆಗೆದು, ಒಂದೊಂದೇ ಚಿತ್ರವನ್ನು ಕಣ್ಣಿನಿಂದ ನೋಡಿ ಗುರುತಿಸಬೇಕಿತ್ತು. ಶಾರ್ಪಾಕ್ ಅನಿಲ ತುಂಬಿದ ಪೆಟ್ಟಿಗೆಯಲ್ಲಿ ಸಣ್ಣ ತಂತಿಗಳನ್ನು ಒತ್ತೊತ್ತಾಗಿ ಎಳೆದು ಕಟ್ಟಿ, ಪ್ರತಿ ತಂತಿಯ ಸಂಕೇತವನ್ನೂ ಬೇರೆಬೇರೆಯಾಗಿ ಹಿಡಿದರು. ಕಣ ಹಾದುಹೋದದ್ದು ಯಾವ ತಂತಿಯ ಬಳಿ ಎಂದು ಎಲೆಕ್ಟ್ರಾನಿಕ್ ಸಂಕೇತವೇ ಹೇಳತೊಡಗಿತು. ಗಣಕಕ್ಕೆ ನೇರ ದಾರಿ ತೆರೆಯಿತು. 1992ರ ಭೌತವಿಜ್ಞಾನ ನೊಬೆಲ್ ಅವರೊಬ್ಬರಿಗೇ ಸಂದಿತು. ಹೊಸ ಕಣವನ್ನು ಕಂಡದ್ದಕ್ಕಲ್ಲ, ಕಾಣುವ ಸಾಧನ ಕಟ್ಟಿದ್ದಕ್ಕೆ.

ಗಣಕದವರ ಪಾಲಿಗೆ ಅಂಥ ಮೈಲಿಗಲ್ಲು 2003ರ ‘ಜಿಯಾಂಟ್ 4’ ಪ್ರಬಂಧ. ಕಣವೊಂದು ಕಬ್ಬಿಣ, ಸಿಲಿಕಾನ್ ಅಥವಾ ಮನುಷ್ಯದೇಹದ ಮೂಲಕ ಸಾಗುವಾಗ ಏನಾಗುತ್ತದೆಂದು ಹೆಜ್ಜೆಹೆಜ್ಜೆಗೂ ಲೆಕ್ಕ ಹಾಕುವ ತಂತ್ರಾಂಶವಿದು. ನೂರಕ್ಕೂ ಹೆಚ್ಚು ಮಂದಿ ಬರೆದ ಆ ಪ್ರಬಂಧವನ್ನು ಹತ್ತು ಸಾವಿರಕ್ಕೂ ಹೆಚ್ಚು ಪ್ರಬಂಧಗಳು ಉಲ್ಲೇಖಿಸಿವೆ. ಕ್ಯಾನ್ಸರಿನ ವಿಕಿರಣ ಚಿಕಿತ್ಸೆಯ ಸಂಶೋಧನೆಗೂ, ಬಾಹ್ಯಾಕಾಶ ನೌಕೆಗಳ ವಿನ್ಯಾಸಕ್ಕೂ ಅದು ಬೇಕಾಗಿದೆ.

ಎಣಿಕೆಯಷ್ಟನ್ನೇ ನಂಬಿದರೆ ಎಂಥ ಅನ್ಯಾಯವಾಗಬಹುದೆಂಬುದಕ್ಕೆ ಪೀಟರ್ ಹಿಗ್ಸ್ ಅವರೇ ಸಾಕ್ಷಿ. 1964ರಲ್ಲಿ ಹಿಗ್ಸ್ ಬೋಸಾನ್ ಇರಬೇಕೆಂದು ಸೂಚಿಸಿದ ನಂತರ ಅವರು ಪ್ರಕಟಿಸಿದ ಪ್ರಬಂಧಗಳು ಹತ್ತಕ್ಕಿಂತ ಕಡಿಮೆ. ಇಂದಿನ ವ್ಯವಸ್ಥೆಯಲ್ಲಿ ತನಗೆ ಕೆಲಸವೇ ಸಿಗುತ್ತಿರಲಿಲ್ಲವೆಂದು 2013ರಲ್ಲಿ, ನೊಬೆಲ್ ಪಡೆದ ವರ್ಷದಲ್ಲೇ, ಅವರು ಹೇಳಿಕೊಂಡರು.

ನಮ್ಮವರ ಕೈಕೆಲಸವೂ ಸರ್ನ್‌ನಲ್ಲಿದೆ. ಸಿಎಂಎಸ್‌ನ ‘ಪ್ರೀಶವರ್’ ಶೋಧಕಕ್ಕೆ ಬೇಕಾದ ಸಿಲಿಕಾನ್ ಸಂವೇದಕಗಳಲ್ಲಿ ಒಂದು ಪಾಲನ್ನು ಭಾಭಾ ಅಣು ಸಂಶೋಧನಾ ಕೇಂದ್ರದ ಜೊತೆ ಸೇರಿ ತಯಾರಿಸಿಕೊಟ್ಟದ್ದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್). ಹಿಗ್ಸ್ ಬೋಸಾನ್ ಎಂದರೆ ಬಿಇಎಲ್ ನಮಗೆ ನೆನಪಾಗುವುದೇ ಇಲ್ಲ. ಇದು ನನಗೆ ನೋವಿನ ಸಂಗತಿ.

ಆಯ್ಕೆ ಸಮಿತಿಗಳಲ್ಲಿ ಕೂರುವ ಹಿರಿಯರಲ್ಲಿ ಒಂದು ಕೋರಿಕೆ. ಮುಂದಿನ ಸಲ ಕಣಭೌತವಿಜ್ಞಾನದ ಅಭ್ಯರ್ಥಿಯೊಬ್ಬರು ನೂರಾರು ಪ್ರಬಂಧಗಳ ಕಡತ ಹಿಡಿದು ನಿಮ್ಮೆದುರು ಕೂತಾಗ, ಎಣಿಕೆಯನ್ನು ದಯವಿಟ್ಟು ಪಕ್ಕಕ್ಕಿಡಿ. ಉಪಕರಣದ ಯಾವ ಭಾಗ ನಿಮ್ಮದು, ಯಾವ ಪ್ರೋಗ್ರಾಂ ನೀವು ಬರೆದದ್ದು ಎಂದು ಕೇಳಿ. ಉತ್ತರಿಸಲು ಅವರಿಗೆ ಸಾಕಷ್ಟು ಸಮಯವನ್ನೂ ಕೊಡಿ.